ಕಾಲುಪೆಟ್ಟಿಗೆಯೋ, ಕ್ಯಾಸಿಯೋನೋ

ಪೌರಾಣಿಕ ನಾಟಕ ಆಡಬೇಕೆಂದು ಊರು ತೀರ್ಮಾನಿಸಿದ ದಿನ ಮೊದಲು ಏಳುವ ಪ್ರಶ್ನೆ ದುರ್ಯೋಧನನ ಪಾರ್ಟು ಯಾರಿಗೆ ಎನ್ನುವುದು. ಆಮೇಲಿನದು ಮೇಷ್ಟ್ರು ಯಾರು ಎನ್ನುವುದು. ಈಚೆಗೆ ಇವೆರಡರ ಜೊತೆಗೆ ಮೂರನೆಯದೊಂದು ಸೇರಿಕೊಂಡಿದೆ: ಪೆಟ್ಟಿಗೆ ಇಡಿಸುವುದೋ, ಕ್ಯಾಸಿಯೋ ತರಿಸುವುದೋ. ಪೆಟ್ಟಿಗೆ ಎಂದರೆ ಹಾರ್ಮೋನಿಯಂ, ಅದರಲ್ಲೂ ಕಾಲಿನಿಂದ ತಿದಿ ತುಳಿದು ನುಡಿಸುವ ಕಾಲುಪೆಟ್ಟಿಗೆ. ಕ್ಯಾಸಿಯೋ ಎಂದರೆ ಯಾವ ಕಂಪನಿಯದೇ ಆಗಲಿ, ಎಲೆಕ್ಟ್ರಾನಿಕ್ ಕೀಬೋರ್ಡು. ಈ ಮಾತು ಬಂದಾಗ ಹಿರಿಯರು ಒಂದು ಕಡೆ, ಹುಡುಗರು ಇನ್ನೊಂದು ಕಡೆ ಆಗುತ್ತಾರೆ. ಮಧ್ಯದಲ್ಲಿ ಕೂತ ಮೇಷ್ಟ್ರು ಯಾರ ಮನಸ್ಸನ್ನೂ ನೋಯಿಸಲಾರದೆ ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ. ಎರಡೂ ಕಡೆಯ ಮಾತಿನಲ್ಲಿ ಹುರುಳಿದೆ. ಆದರೆ ಎರಡೂ ಕಡೆಯವರು ಮುಂದಿಡುವ ಕಾರಣಗಳಲ್ಲಿ ಕೆಲವು ಗಟ್ಟಿ, ಕೆಲವು ಜೊಳ್ಳು.

ಈ ಪ್ರಶ್ನೆಯನ್ನು ತಾಳವಾಡಿ ಬೆಟ್ಟಸೀಮೆಯನ್ನು ಮುಂದಿಟ್ಟುಕೊಂಡು ಕೇಳಬೇಕು ಎಂದು ನನಗೆ ಅನ್ನಿಸುತ್ತದೆ. ಆಡಳಿತದ ಲೆಕ್ಕದಲ್ಲಿ ಅದು ತಮಿಳುನಾಡಿನ ಈರೋಡು ಜಿಲ್ಲೆ. 1956ರಲ್ಲಿ ರಾಜ್ಯಗಳ ಗಡಿ ಹೊಸದಾಗಿ ಬಿದ್ದಾಗ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು, ತಾಳವಾಡಿ ಆಚೆಗೇ ಉಳಿಯಿತು. ಜನರ ಮನೆಮಾತು ಮಾತ್ರ ಕನ್ನಡವೇ. ಜಿಲ್ಲಾ ಕೇಂದ್ರದ ಕಡೆಗೆ ಹೋಗಬೇಕಾದರೆ ಕಾಡು ದಾಟಿ ದಿಂಬಂ ಘಾಟಿಯ 27 ತಿರುವು ಇಳಿಯಬೇಕು. 2022ರಿಂದ ಆ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಬಂದಿದೆ. ಚಾಮರಾಜನಗರಕ್ಕಾದರೆ ಬೆಟ್ಟ ಇಳಿಯುವ ಗೋಜಿಲ್ಲ. ಹಾಗಾಗಿ ಸಂತೆ, ಸಂಬಂಧ, ಆಸ್ಪತ್ರೆಯ ಓಡಾಟದಂತೆಯೇ ನಾಟಕದ ಸೀನರಿ, ಡ್ರೆಸ್ಸು, ಮೇಷ್ಟ್ರು, ವಾದ್ಯ, ವಾದ್ಯದ ರಿಪೇರಿ ಎಲ್ಲದಕ್ಕೂ ಚಾಮರಾಜನಗರ, ಮೈಸೂರಿನ ಕಡೆಗೇ ಮುಖ ಮಾಡಬೇಕು. ಯಾವ ವಾದ್ಯ ಕೆಟ್ಟರೆ ಎಲ್ಲಿ ಸರಿಹೋಗುತ್ತದೆ ಎನ್ನುವುದು ಇಂಥ ಸೀಮೆಯಲ್ಲಿ ಸಣ್ಣ ವಿಷಯವಲ್ಲ.

ಇನ್ನೊಂದು ಕಾರಣ ಅದೇ ಸೀಮೆಯ ಗಾಜನೂರು. ಗಾಜನೂರು ಎಂದ ಕೂಡಲೇ ಬಹಳ ಜನಕ್ಕೆ ನಟ ರಾಜ್‌ಕುಮಾರ್ ಅಪಹರಣವಾದ 2000ದ ಜುಲೈ 30ರ ರಾತ್ರಿ ನೆನಪಾಗುತ್ತದೆ. ನನಗೆ ಆ ಊರು ಬೇಕಾಗುವುದು ಅದಕ್ಕೂ ಬಹಳ ಹಿಂದಿನ ಸಂಗತಿಗಾಗಿ. ರಾಜ್‌ಕುಮಾರ್ ಈ ತಾಳವಾಡಿ ನೆಲದ ಮಗ. ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಹೆಸರಾದ ನಟ. ಮುತ್ತುರಾಜ ಎಂಬ ಹುಡುಗ ತಂದೆಯ ಬೆನ್ನಿಗೆ ಕಂಪನಿಗೆ ಹೋಗಿ, ಹಾರ್ಮೋನಿಯಂ ಎದುರಿಗೆ ನಿಂತು ಕಂದ, ಸೀಸ, ಮಟ್ಟುಗಳನ್ನು ಹಾಡಿ ಹಾಡಿ ಗಂಟಲು ಹದಮಾಡಿಕೊಂಡ. ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿನ ನಾಲ್ಕಾಣೆ ಟಿಕೆಟ್ಟಿನವನಿಗೂ ಅಕ್ಷರ ಅಕ್ಷರ ಕೇಳಿಸಬೇಕಿತ್ತು. ಮುಂದೆ 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಎಮ್ಮೆಯ ಮೇಲೆ ಕೂತು ಹಾಡಿದ ಹಾಡಿನಿಂದ ಹಿಡಿದು, ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ತಂದ ‘ಜೀವನ ಚೈತ್ರ’ದವರೆಗೆ ಆ ಗಂಟಲು ದುಡಿದದ್ದು ಅದೇ ತಳಪಾಯದ ಮೇಲೆ.

ಹಾರ್ಮೋನಿಯಂ ಕಡೆಯವರು ಈ ಉದಾಹರಣೆಯನ್ನು ಎತ್ತದೇ ಇರುವುದಿಲ್ಲ. ಎತ್ತಲಿ, ಸರಿಯೇ. ಆದರೆ ಪೂರ್ತಿ ಹೇಳಬೇಕು. ಅದೇ ರಾಜ್‌ಕುಮಾರ್ 1968ರ ‘ಜೇಡರ ಬಲೆ’ಯಲ್ಲಿ ಕೋಟು ಹಾಕಿ ಪಿಸ್ತೂಲು ಹಿಡಿದವರು. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ಇಂಗ್ಲಿಷ್ ಸಾಲುಗಳ ಹಾಡನ್ನು ಪಾಶ್ಚಾತ್ಯ ವಾದ್ಯವೃಂದದ ಜೊತೆ ಲೀಲಾಜಾಲವಾಗಿ ಹಾಡಿದವರು. ಎರಡೂ ಚಿತ್ರಗಳಿಗೆ ಸಂಗೀತ ಜಿ.ಕೆ. ವೆಂಕಟೇಶ್ ಅವರದು. ಅವರ ಬಳಿ ಸಹಾಯಕರಾಗಿ ದುಡಿದು, ಗಿಟಾರು ಕೀಬೋರ್ಡುಗಳನ್ನು ನುಡಿಸುತ್ತಾ ಕೆಲಸ ಕಲಿತವರಲ್ಲಿ ಇಳಯರಾಜ ಒಬ್ಬರು. ವಿದ್ಯುತ್ತಿನಿಂದ ದನಿ ಹೊರಡಿಸುವ ವಾದ್ಯ ಬಂತೆಂದು ರಾಜ್‌ಕುಮಾರ್ ಅವರ ಉಚ್ಚಾರ ಸಡಿಲವಾಗಲಿಲ್ಲ, ಶ್ರುತಿ ಜಾರಲಿಲ್ಲ. ಕಲಿತದ್ದು ಒಂದರ ಮುಂದೆ, ಹಾಡಿದ್ದು ಎರಡರ ಜೊತೆಗೂ. ಈ ಮಾತನ್ನು ಇಲ್ಲಿ ಇಟ್ಟಿರುತ್ತೇನೆ, ಮುಂದೆ ಬೇಕಾಗುತ್ತದೆ.

ಹಾರ್ಮೋನಿಯಂ ನಮ್ಮದು, ಕ್ಯಾಸಿಯೋ ಪರದೇಶದ್ದು ಎನ್ನುವ ವಾದವನ್ನು ಮೊದಲೇ ಬದಿಗಿಡಬಹುದು. ಅದು ನಿಲ್ಲುವುದಿಲ್ಲ. ಈ ಬೆಟ್ಟಗಳಲ್ಲಿ ಹಾಡಿಗೆ ಮೊದಲು ಆಸರೆಯಾಗಿದ್ದದ್ದು ನೀಲಗಾರರ ತಂಬೂರಿ, ಮಾದಪ್ಪನ ಗುಡ್ಡರ ಕಂಸಾಳೆ. ಹಾರ್ಮೋನಿಯಂ ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ, 1840ರ ಸುಮಾರಿಗೆ, ಅಲೆಕ್ಸಾಂಡರ್ ದೆಬೈನ್ ಎಂಬ ಕುಶಲಿಯ ಕೈಯಲ್ಲಿ. ಅದನ್ನು ನೆಲದ ಮೇಲೆ ಕೂತು ಒಂದು ಕೈಯಲ್ಲಿ ತಿದಿ ಒತ್ತಿ ನುಡಿಸುವ ಪೆಟ್ಟಿಗೆಯಾಗಿ ಮಾರ್ಪಡಿಸಿದವರು ಕಲ್ಕತ್ತೆಯ ದ್ವಾರಕಾನಾಥ ಘೋಷ್, 1875ರಲ್ಲಿ. ಒಳಗಿನ ಹಿತ್ತಾಳೆ ನಾಲಿಗೆಗಳು, ಅಂದರೆ ರೀಡುಗಳು, ಬಹುಕಾಲ ಯುರೋಪಿನಿಂದಲೇ ಬರುತ್ತಿದ್ದವು. ಇವತ್ತಿಗೂ ಹಳೆಯ ಪೆಟ್ಟಿಗೆ ಮಾರುವವರು ದನಿ ತಗ್ಗಿಸಿ ‘ಜರ್ಮನ್ ರೀಡು ಸ್ವಾಮಿ, ಜುಬಿಲೇಟು’ ಎಂದು ಹೇಳುವುದುಂಟು. ಹಾಗೆ ಹೇಳಿದ ಕ್ಷಣ ಬೆಲೆ ಏರುತ್ತದೆ. ಆಮದು ನಿಂತ ಮೇಲೆ ಗುಜರಾತಿನ ಪಾಲಿತಾಣದ ಕುಶಲಿಗಳು ರೀಡು ಮಾಡುವುದರಲ್ಲಿ ಹೆಸರಾದರು. ಸ್ವದೇಶಿ ಎಂಬ ಅಳತೆಗೋಲು ಹಿಡಿದರೆ ಪೆಟ್ಟಿಗೆ, ಕ್ಯಾಸಿಯೋ ಎರಡೂ ಒಂದೇ ಬಸ್ಸಿನಲ್ಲಿ ಹಿಂದೆ ಮುಂದೆ ಕೂತು ಬಂದವು.

ಪೆಟ್ಟಿಗೆಯ ಮೇಲೂ ಒಂದು ಕಾಲದಲ್ಲಿ ಕಟ್ಟುನಿಟ್ಟಿನ ಬಹಿಷ್ಕಾರ ಇತ್ತು. 1940ರ ಮಾರ್ಚಿನಲ್ಲಿ ಆಕಾಶವಾಣಿ ಹಾರ್ಮೋನಿಯಂ ನಿಷೇಧಿಸಿತು. ಅದು ಸಡಿಲವಾದದ್ದು 1971ರಲ್ಲಿ. ನಿಷೇಧದ ಹಿಂದೆ ಆಕಾಶವಾಣಿಯಲ್ಲಿ ಪಾಶ್ಚಾತ್ಯ ಸಂಗೀತ ನೋಡಿಕೊಳ್ಳುತ್ತಿದ್ದ ಜಾನ್ ಫೋಲ್ಡ್ಸ್ ಅವರ ಟೀಕೆ ಇತ್ತು, ರವೀಂದ್ರನಾಥ ಠಾಕೂರರ ಅಸಮಾಧಾನವೂ ಇತ್ತು. ಒಂದು ಮನೆಯಿಂದ, ಅಂದರೆ ಒತ್ತುವ ಕೀಲಿಯಿಂದ, ಇನ್ನೊಂದು ಮನೆಗೆ ಸ್ವರ ಜಾರುವುದಿಲ್ಲ, ಗಮಕ ಇಲ್ಲ, ಹನ್ನೆರಡು ಮನೆಗಳ ಅಂತರ ಸಮವಾಗಿ ಕತ್ತರಿಸಿಟ್ಟದ್ದು, ನಮ್ಮ ರಾಗದ ಗಾಂಧಾರ ಅಲ್ಲಿ ಸಿಕ್ಕುವುದಿಲ್ಲ ಎನ್ನುವುದು ಆಕ್ಷೇಪ. ಮಾತು ಸುಳ್ಳಲ್ಲ. ಆದರೂ ಬೆಳಗಾವಿಯ ರಾಮಭಾವು ಬಿಜಾಪುರೆಯವರಂಥವರು ಅದೇ ಪೆಟ್ಟಿಗೆಯಲ್ಲಿ ಜೀವಮಾನವಿಡೀ ರಾಗ ನುಡಿಸಿದರು. ಕನ್ನಡದ ಕಂಪನಿ ನಾಟಕಗಳಂತೂ ಪೆಟ್ಟಿಗೆ ಇಲ್ಲದೆ ಪರದೆ ಎತ್ತಿದ್ದೇ ಇಲ್ಲ. ಇವತ್ತು ಕೀಬೋರ್ಡಿಗೆ ಹಿರಿಯರು ಹೇಳುವ ತಪ್ಪುಗಳಲ್ಲಿ ಅರ್ಧ ಇವೇ. ಸ್ವರ ಜಾರುವುದಿಲ್ಲ ಎನ್ನುವ ವಿಷಯದಲ್ಲಂತೂ ಕೀಬೋರ್ಡು ಪೆಟ್ಟಿಗೆಗಿಂತ ಒಂದು ಹೆಜ್ಜೆ ಮುಂದಿದೆ: ಎಡಗೈ ಬಳಿ ಪಿಚ್‌ಬೆಂಡ್ ಚಕ್ರ ಇರುತ್ತದೆ. ಅದನ್ನು ತಿರುವಿ ಗಮಕ ಹೊರಡಿಸಿ ಚೆನ್ನೈನ ಕೆ. ಸತ್ಯನಾರಾಯಣನ್ ಕರ್ನಾಟಕ ಸಂಗೀತ ಕಚೇರಿಯನ್ನೇ ಮಾಡುತ್ತಾರೆ.

ಹಾಗಾದರೆ ಹಿರಿಯರ ಗಟ್ಟಿ ಕಾರಣ ಯಾವುದು? ಅದನ್ನು ಕಾಣಬೇಕಾದರೆ ನಾಟಕದ ರಾತ್ರಿಗೆ ಹೋದರೆ ಸಾಲದು, ತಾಲೀಮಿಗೆ ಹೋಗಬೇಕು. ದಿನವಿಡೀ ಅರಿಸಿನ, ಆಲೂಗೆಡ್ಡೆ, ಮೆಕ್ಕೆಜೋಳದ ಹೊಲದಲ್ಲಿ ದುಡಿದವರು, ಹಾಲು ಡೈರಿಗೆ ಹಾಕಿ ಬಂದವರು, ಊಟ ಮುಗಿಸಿ ಸಮುದಾಯ ಭವನದಲ್ಲೋ ದೇವಸ್ಥಾನದ ಜಗಲಿಯಲ್ಲೋ ಸೇರುತ್ತಾರೆ. ತಿಂಗಳುಗಟ್ಟಲೆ ನಡೆಯುವ ಕೆಲಸ. ದುರ್ಯೋಧನನ ಪಾರ್ಟಿನವನು ಕಂದಪದ್ಯ ಎತ್ತಬೇಕು. ಕಂದಕ್ಕೆ ತಾಳದ ಕಟ್ಟಿಲ್ಲ. ಅವನು ಹೆದರಿ ಅಥವಾ ಹುಮ್ಮಸ್ಸಿನಲ್ಲಿ, ಮೇಷ್ಟ್ರು ಕೊಟ್ಟ ಶ್ರುತಿಗಿಂತ ಒಂದು ಮನೆ ಮೇಲೆ ಹಿಡಿಯುತ್ತಾನೆ. ಪೆಟ್ಟಿಗೆಯ ಮುಂದಿರುವ ಮೇಷ್ಟ್ರು ನಿಲ್ಲಿಸುವುದಿಲ್ಲ. ಅವರ ಬೆರಳು ಅವನಿದ್ದ ಮನೆಗೆ ಹೋಗುತ್ತದೆ. ಅವನಿಗೆ ಉಸಿರು ಸಾಲದೆ ಸಾಲಿನ ಕೊನೆ ತೇಲಿದರೆ ಮೇಷ್ಟ್ರ ಕಾಲು ತಿದಿಯನ್ನು ಒಮ್ಮೆ ಬಲವಾಗಿ ತುಳಿಯುತ್ತದೆ, ದನಿ ಉಬ್ಬಿ ಅವನ ಕೊರತೆಯನ್ನು ಮುಚ್ಚುತ್ತದೆ. ಅವನು ‘ಹಸ್ತಿನಾವತಿ’ಯ ಹಕಾರ ನುಂಗಿದರೆ ಮೇಷ್ಟ್ರು ಬೆರಳು ಎತ್ತುತ್ತಾರೆ. ಪೆಟ್ಟಿಗೆ ಸುಮ್ಮನಾಯಿತೆಂದರೆ ತಪ್ಪಾಯಿತೆಂದು ಅವನಿಗೆ ತಿಳಿಯುತ್ತದೆ. ಬಾಯಿ ಮಾತಿನಿಂದ ಯಾರನ್ನೂ ಬಯ್ಯದೆ ನಡೆಯುವ ಪಾಠ ಇದು.

ಒತ್ತಿದ ಮನೆಯನ್ನು ಬಿಡದೆ, ಹೊರಡುತ್ತಿರುವ ದನಿಯನ್ನೇ ಉಬ್ಬಿಸುವುದು, ಇಳಿಸುವುದು ಗಾಳಿ ವಾದ್ಯದ ಗುಣ. ಅಗ್ಗದ ಕೀಬೋರ್ಡಿನಲ್ಲಿ ಇದು ಆಗುವುದಿಲ್ಲ. ಒತ್ತಿದ ಬಲಕ್ಕೆ ತಕ್ಕಂತೆ ಮೊದಲ ಹೊಡೆತ ಜೋರಾಗಬಹುದು, ಮೆದುವಾಗಬಹುದು, ಆಮೇಲೆ ದನಿ ಇದ್ದಲ್ಲೇ ಇರುತ್ತದೆ. ಅದನ್ನು ಎತ್ತಲು ಇಳಿಸಲು ಒಂದು ಕೈ ವಾಲ್ಯೂಮ್ ಗುಂಡಿಗೆ ಹೋಗಬೇಕು. 1960ರ ದಶಕದಲ್ಲಿ ಕಾಲು ಮಡಚಿ ಪೆಟ್ಟಿಗೆಯಂತೆ ಹೊತ್ತೊಯ್ಯುವ ಟ್ರಾನ್ಸಿಸ್ಟರ್ ಆರ್ಗನ್ನುಗಳು ಬಂದವಲ್ಲ, ಇಂಗ್ಲೆಂಡಿನ ವಾಕ್ಸ್, ಇಟಲಿಯ ಫಾರ್ಫಿಸಾ, ಅವುಗಳಿಗೂ ಇದೇ ತೊಂದರೆ ಇತ್ತು. ನುಡಿಸುವವರು ಅದಕ್ಕೆ ಕಾಲಿನಿಂದ ಒತ್ತುವ ವಾಲ್ಯೂಮ್ ಪೆಡಲ್ ಜೋಡಿಸಿಕೊಂಡರು. ತಿದಿ ತುಳಿಯುವ ಕಾಲಿನ ಕೆಲಸ ಇನ್ನೊಂದು ರೂಪದಲ್ಲಿ ವಾಪಸಾಯಿತು. ನಮ್ಮ ನಾಟಕದ ಕೀಬೋರ್ಡುಗಳ ಕೆಳಗೆ ಆ ಪೆಡಲ್ ಕಾಣುವುದು ಅಪರೂಪ. ಹಲವು ಅಗ್ಗದ ಮಾದರಿಗಳಲ್ಲಿ ಅದನ್ನು ಚುಚ್ಚುವ ತೂತೇ ಇರುವುದಿಲ್ಲ. ಹಾಗಾಗಿ ಕೊರತೆ ವಿದ್ಯುತ್ತಿನದಲ್ಲ, ಕೊಂಡ ಸಾಮಾನಿನದು ಎಂದು ಹುಡುಗರು ವಾದಿಸಿದರೆ ನಾನು ತಲೆದೂಗುತ್ತೇನೆ.

ಆದರೆ ರಿದಂ ಗುಂಡಿಯ ವಿಷಯದಲ್ಲಿ ನಾನು ಹಿರಿಯರ ಪಕ್ಷ. ಗುಂಡಿ ಒತ್ತಿದರೆ ತಾನೇ ತಾನಾಗಿ ತಾಳ ಹೊರಡುತ್ತದೆ, ಅದಕ್ಕೆ ಸುಸ್ತಿಲ್ಲ, ಕಿವಿಯೂ ಇಲ್ಲ. ಎಂಟು ಜನ ಸೇರಿ ಹಾಡುವ ನಾಂದಿಗೆ ಅದು ನಡೆದೀತು. ಕೃಷ್ಣ ಸಂಧಾನದ ದೃಶ್ಯದಲ್ಲಿ ನಟ ಒಂದು ಮಾತಿನ ಮೇಲೆ ನಿಂತು, ಜನ ಶಿಳ್ಳೆ ಹೊಡೆದು, ‘ಒನ್ಸ್ ಮೋರ್’ ಎಂದು ಕೂಗಿ, ಅವನು ಮತ್ತೆ ಅದೇ ಚರಣಕ್ಕೆ ಮರಳುವಾಗ ಯಂತ್ರದ ತಾಳ ಎಲ್ಲೋ ಮುಂದೆ ಓಡಿರುತ್ತದೆ. ತಬಲದವನು ನಟನ ಕಾಲಿನ ಕಡೆ ನೋಡಿಕೊಂಡು ಬಾರಿಸುತ್ತಾನೆ, ಮೇಷ್ಟ್ರು ಅವನ ತುಟಿ ನೋಡಿಕೊಂಡು ನುಡಿಸುತ್ತಾರೆ. ಹಾಡುವವನ ಹಿಂದೆ ವಾದ್ಯ ಹೋಗುವುದು ನಮ್ಮ ರಂಗದ ನಡೆ. ವಾದ್ಯದ ಹಿಂದೆ ಹಾಡುವವನು ಹೋಗಬೇಕಾಗಿ ಬಂದರೆ ಅವನು ನಟಿಸುವುದನ್ನು ಬಿಟ್ಟು ಲೆಕ್ಕ ಹಾಕಲು ಶುರುಮಾಡುತ್ತಾನೆ. ಈ ಇಡೀ ತಕರಾರಿನಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇದೊಂದೇ. ದನಿಯ ಬಣ್ಣ, ಪೆಟ್ಟಿಗೆಯ ವಯಸ್ಸು, ಹುಟ್ಟಿದ ದೇಶ ಎಲ್ಲ ಆಮೇಲಿನ ಮಾತು.

ತಾಳವಾಡಿಯಂಥ ಕಡೆ ಇದಕ್ಕೆ ಇನ್ನೊಂದು ತೂಕವೂ ಇದೆ. ತಮಿಳುನಾಡಿನಲ್ಲಿ 2006ರ ಕಾಯ್ದೆಯ ಮೇಲೆ ಶಾಲೆಯಲ್ಲಿ ತಮಿಳು ಕಡ್ಡಾಯವಾಗಿದೆ. ಮಕ್ಕಳು ತಮಿಳು ಕಲಿಯುವುದು ಒಳ್ಳೆಯದೇ, ಆಡಳಿತದ ಭಾಷೆ ಅವರಿಗೆ ಬೇಕು. ಆದರೆ ಮನೆಯ ಆಡುಮಾತಿನಾಚೆಗಿನ ಕನ್ನಡ, ಸಮಾಸ ತುಂಬಿದ, ಮಹಾಪ್ರಾಣ ಬೇಡುವ ಕನ್ನಡ, ಅಂಥ ಸೀಮೆಯ ಒಬ್ಬ ರೈತನ ನಾಲಿಗೆಯ ಮೇಲೆ ತಿಂಗಳುಗಟ್ಟಲೆ ಹೊರಳುವ ಜಾಗ ‘ಕುರುಕ್ಷೇತ್ರ’ದ ತಾಲೀಮು. ಓದು ಬಾರದವರೂ ಪಾರ್ಟನ್ನು ಕೇಳಿಸಿಕೊಂಡೇ ಬಾಯಿಪಾಠ ಮಾಡುತ್ತಾರೆ. ಅಲ್ಲಿ ವಾದ್ಯ ಬರೀ ಹಿನ್ನೆಲೆಯ ದನಿಯಲ್ಲ, ಪಾಠ ಹೇಳುವವನ ಕೈಯಲ್ಲಿರುವ ಬೆತ್ತ ಮತ್ತು ಬೆನ್ನು ತಟ್ಟುವ ಅಂಗೈ ಎರಡೂ ಹೌದು.

ಈಗ ಕ್ಯಾಸಿಯೋ ಕಡೆಯವರ ಮಾತು. ಅದನ್ನು ಹುಡುಗಾಟ ಎಂದು ತಳ್ಳಿಹಾಕುವವರು ನಾಟಕದ ಖರ್ಚಿನ ಪಟ್ಟಿ ಬರೆದವರಲ್ಲ. ಕಾಲುಪೆಟ್ಟಿಗೆ ಭಾರ, ಅದಕ್ಕೆ ಗಾಡಿಯೇ ಬೇಕು. ಕೀಬೋರ್ಡನ್ನು ಚೀಲಕ್ಕೆ ಹಾಕಿ ಬೈಕಿನ ಹಿಂದೆ ಕೂತು ತರಬಹುದು. ಬೆಟ್ಟದ ಥಂಡಿಗೆ, ಮಳೆಗಾಲದ ತೇವಕ್ಕೆ ಪೆಟ್ಟಿಗೆಯ ಮರ ಉಬ್ಬುತ್ತದೆ, ಮನೆಗಳು ಅಂಟಿಕೊಳ್ಳುತ್ತವೆ, ತಿದಿಯ ತೊಗಲನ್ನು ಇಲಿ ಕಡಿಯುತ್ತದೆ. ಎರಡು ಸಾಲು ರೀಡಿನಲ್ಲಿ ಒಂದು ಸಾಲು ಕೂದಲೆಳೆಯಷ್ಟು ಶ್ರುತಿ ಬಿಟ್ಟರೂ ಮೈಕಿನಲ್ಲಿ ಅದು ನಡುಗುವ ದನಿಯಾಗಿ ಕೇಳುತ್ತದೆ. ಕೀಬೋರ್ಡು ಶ್ರುತಿ ಬಿಡುವ ಪ್ರಶ್ನೆಯೇ ಇಲ್ಲ.

ಅದಕ್ಕಿಂತ ಗಟ್ಟಿಯಾದ ಕಾರಣ ಹೆಂಗಸರ ದನಿ. ಹಿಂದೆ ಹಳ್ಳಿಯ ನಾಟಕದಲ್ಲಿ ದ್ರೌಪದಿ, ಕುಂತಿ, ಉತ್ತರೆ ಎಲ್ಲವನ್ನೂ ಗಂಡಸರೇ ಆಡುತ್ತಿದ್ದರು. ಈಗ ಸ್ತ್ರೀ ಪಾತ್ರಗಳಿಗೆ ಮೈಸೂರು, ಮಂಡ್ಯದ ಕಡೆಯಿಂದ ವೃತ್ತಿಕಲಾವಿದೆಯರು ಬರುತ್ತಾರೆ. ಒಂದು ರಾತ್ರಿ ಒಂದೂರು, ಮರುರಾತ್ರಿ ಇನ್ನೊಂದು. ಊರಿನ ತಾಲೀಮಿಗೆ ಕೂರಲು ಅವರಿಗೆ ಪುರುಸೊತ್ತಿರುವುದಿಲ್ಲ, ನೇರ ರಂಗಕ್ಕೇ ಬರುತ್ತಾರೆ. ಭೀಮ ಕರಿ ಒಂದರ ಶ್ರುತಿಯಲ್ಲಿ ಹಾಡಿ ನಿಲ್ಲಿಸಿದ ಮರುಕ್ಷಣ ದ್ರೌಪದಿ ಬಿಳಿ ಐದರಲ್ಲೋ ಕರಿ ನಾಲ್ಕರಲ್ಲೋ ಎತ್ತುತ್ತಾಳೆ. ಎಲ್ಲಾ ಮನೆಗಳಿಂದಲೂ ಎಲ್ಲಾ ರಾಗಗಳನ್ನು ನುಡಿಸುವ ಬೆರಳುಪಾಠ ಇರುವ ಮೇಷ್ಟ್ರಿಗೆ ಇದು ನೀರು ಕುಡಿದ ಹಾಗೆ. ಆದರೆ ಹಾಗೆ ಕಲಿತವರು ಊರಿಗೊಬ್ಬರು ಸಿಕ್ಕುತ್ತಿದ್ದ ಕಾಲ ಹೋಯಿತು. ಎರಡು ಮೂರು ಮನೆಗಳಿಂದ ಮಾತ್ರ ನುಡಿಸಬಲ್ಲವನು ಕಲಾವಿದೆಯನ್ನೇ ತನ್ನ ಶ್ರುತಿಗೆ ಇಳಿ ಎನ್ನುತ್ತಾನೆ. ಅವಳು ಕೆಳದನಿಯಲ್ಲಿ ತಡವರಿಸುತ್ತಾಳೆ, ಜನ ಅವಳನ್ನು ಆಡಿಕೊಳ್ಳುತ್ತಾರೆ. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಗುಂಡಿಯನ್ನು ಕೆಲವು ಸಲ ಒತ್ತಿದರೆ ಬೆರಳು ಅಲ್ಲೇ ಇದ್ದು ಶ್ರುತಿ ಅವಳದಾಗುತ್ತದೆ. ಹಾಡುವವರ ಹಿಂದೆ ವಾದ್ಯ ಹೋಗಬೇಕು ಎಂದು ಮೇಲೆ ನಾನೇ ಹೇಳಿದೆ. ಆ ನ್ಯಾಯವನ್ನು ದುರ್ಯೋಧನನಿಗೆ ಹೇಳಿ ದ್ರೌಪದಿಗೆ ಬಿಡಲಾಗದು. ಇಲ್ಲಿ ಸಾಧಾರಣ ಪೆಟ್ಟಿಗೆಯವನಿಗಿಂತ ಸಾಧಾರಣ ಕೀಬೋರ್ಡಿನವನು ಹೆಚ್ಚು ನ್ಯಾಯ ಒದಗಿಸುತ್ತಾನೆ.

ಎಲೆಕ್ಟ್ರಾನಿಕ್ ಎಂಬ ಕಾರಣಕ್ಕೇ ಮೂಗು ಮುರಿಯುವುದಾದರೆ ಶಾಸ್ತ್ರೀಯ ಸಂಗೀತಗಾರರು ಎಂದೋ ಮುರಿಯಬೇಕಿತ್ತು. ಬೆಂಗಳೂರಿನ ಜಿ. ರಾಜನಾರಾಯಣ್, ಸ್ವತಃ ಕೊಳಲು ನುಡಿಸುವ ಎಂಜಿನಿಯರು, 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿಗಳನ್ನು ತಂದರು. ರಾಡೆಲ್ ಹೆಸರಿನ ಆ ಪೆಟ್ಟಿಗೆಗಳು ಇವತ್ತು ಎಷ್ಟೋ ಸಂಗೀತ ಪಾಠದ ಮನೆಗಳಲ್ಲಿ ಉಲಿಯುತ್ತವೆ. ಕ್ಯಾಸಿಯೋ ಕಂಪನಿ ತನ್ನ ಮೊದಲ ಕ್ಯಾಸಿಯೋಟೋನ್ ಕೀಬೋರ್ಡನ್ನು ಹೊರತಂದದ್ದು 1980ರಲ್ಲಿ. ಎರಡೂ ಹೆಚ್ಚುಕಡಿಮೆ ಒಂದೇ ವಯಸ್ಸಿನವು. ಒಂದಕ್ಕೆ ದೇವರ ಮನೆಯ ಪಕ್ಕ ಜಾಗ ಸಿಕ್ಕಿತು, ಇನ್ನೊಂದಕ್ಕೆ ಇನ್ನೂ ಊರಾಚೆಯ ಮರ್ಯಾದೆ.

ವಿದ್ಯುತ್ ಇಲ್ಲದೆ ಕೀಬೋರ್ಡು ಸತ್ತಂತೆ, ಪೆಟ್ಟಿಗೆ ನಡೆಯುತ್ತದೆ ಎನ್ನುವ ವಾದ ಕಾಡಿನ ಅಂಚಿನ ಊರುಗಳಲ್ಲಿ ಬಲವಾಗಿ ಕೇಳುತ್ತದೆ. ಕರೆಂಟು ಹೋಗುವುದೂ ನಿಜ. ಗ್ಯಾಸ್‌ಲೈಟಿನ ಕಾಲದಲ್ಲಿ ಈ ವಾದಕ್ಕೆ ಎದುರಿರಲಿಲ್ಲ. ಈಗ ರಂಗದ ದೀಪ, ತೂಗುಬಿಟ್ಟ ಮೈಕು, ಊರಾಚೆಗೂ ಕೇಳುವ ಹಾರನ್ನು ಎಲ್ಲವೂ ಜನರೇಟರಿಗೆ ಜೋತುಬಿದ್ದಿವೆ. ಜನರೇಟರು ನಿಂತರೆ ಪೆಟ್ಟಿಗೆ ಒಂದೇ ಉಸಿರಾಡಿ ಪ್ರಯೋಜನ ಕಡಿಮೆ. ಆದ್ದರಿಂದ ನಾಟಕದ ರಾತ್ರಿಯ ಮಟ್ಟಿಗೆ ಈ ವಾದವನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತಾಲೀಮಿನ ಮಟ್ಟಿಗೆ ಮಾತ್ರ ಅದು ಪೂರಾ ಸರಿ. ಕರೆಂಟು ಹೋದ ಸಂಜೆ ಪೆಟ್ಟಿಗೆ ಇರುವ ಊರಿನಲ್ಲಿ ಲಾಟೀನು ಹಚ್ಚಿ ಪಾಠ ಮುಂದುವರಿಯುತ್ತದೆ, ಇನ್ನೊಂದರಲ್ಲಿ ಶೆಲ್ಲು ಮುಗಿದರೆ ಎಲ್ಲರೂ ಮನೆಗೆ ಹೋಗುತ್ತಾರೆ.

ಉಳಿದದ್ದು ರಿಪೇರಿ. ಇಲ್ಲಿ ಜರ್ಮನಿಯ ಒಂದು ವಾದ್ಯದ ಕತೆ ನಮಗೆ ಬುದ್ಧಿ ಹೇಳುತ್ತದೆ. ಟ್ರಾಸಿಂಗೆನ್ ಊರಿನ ಹೋನರ್ ಕಂಪನಿ 1857ರಿಂದ ಮೌತ್ ಆರ್ಗನ್ ಮಾಡಿಕೊಂಡು ಬಂದದ್ದು. ಗಾಳಿಗೆ ನಡುಗುವ ಲೋಹದ ನಾಲಿಗೆಯೇ ಅದರ ಜೀವ, ನಮ್ಮ ಪೆಟ್ಟಿಗೆಯ ರೀಡಿನ ಒಡಹುಟ್ಟು. 1960ರ ದಶಕದ ಆರಂಭದಲ್ಲಿ ಆ ಕಂಪನಿಯ ಎರ್ನ್ಸ್ಟ್ ಜಕಾರಿಯಾಸ್ ಎಂಬ ಎಂಜಿನಿಯರು ಪಿಯಾನೆಟ್ ಎಂಬ ಎಲೆಕ್ಟ್ರಿಕ್ ಪಿಯಾನೊ ರೂಪಿಸಿದ. ಒಳಗೆ ಉಕ್ಕಿನ ನಾಲಿಗೆಗಳ ಸಾಲು. ಪ್ರತಿ ನಾಲಿಗೆಗೂ ಒಂದು ಅಂಟುವ ಗುಣದ ಮೆತ್ತೆ ತಗುಲಿಕೊಂಡಿರುತ್ತದೆ. ಮನೆ ಒತ್ತಿದಾಗ ಮೆತ್ತೆ ನಾಲಿಗೆಯನ್ನು ತುಸು ಎಳೆದು ಪಟ್ಟನೆ ಬಿಡುತ್ತದೆ, ನಾಲಿಗೆ ನಡುಗುತ್ತದೆ, ಆ ನಡುಕವನ್ನು ವಿದ್ಯುತ್ತಾಗಿ ಮಾರ್ಪಡಿಸಿ ಆಂಪ್ಲಿಫೈಯರಿಗೆ ಕಳಿಸಲಾಗುತ್ತದೆ. ಬೀಟಲ್ಸ್ ಕಾಲದ ಎಷ್ಟೋ ರಾಕ್ ಹಾಡುಗಳಲ್ಲಿ ಈ ದನಿ ಇದೆ. ಗಾಳಿ ಇಲ್ಲದ ಕಾರಣ ದನಿ ನಿಲ್ಲುವುದಿಲ್ಲ, ಹುಟ್ಟಿದ ಕೂಡಲೇ ಕರಗುತ್ತಾ ಹೋಗುತ್ತದೆ. ಕಂದಪದ್ಯಕ್ಕೆ ಅದು ಆಗಿಬರುತ್ತಿರಲಿಲ್ಲ. ಅದು ಬೇರೆ ಮಾತು.

ಇಲ್ಲಿ ಗಮನಿಸಬೇಕಾದದ್ದು ಇಷ್ಟು: ಆ ಪಿಯಾನೆಟ್‌ಗಳು ಅರವತ್ತು ವರ್ಷ ಕಳೆದರೂ ನುಡಿಯುತ್ತಿವೆ. ಒಣಗಿ ಬಿರುಸಾದ ಮೆತ್ತೆಗಳನ್ನು ಬದಲಿಸಿದರೆ, ನಾಲಿಗೆಯ ತುಕ್ಕು ತೆಗೆದರೆ ಮತ್ತೆ ಜೀವ ಬರುತ್ತದೆ. ತಿರುಪು ಬಿಚ್ಚಿದರೆ ಕಣ್ಣಿಗೆ ಕಾಣುವ ಯಂತ್ರ ಅದು. ಕಂಪನಿ ಮಾಡುವುದನ್ನು ನಿಲ್ಲಿಸಿದರೂ ಆಸಕ್ತರೇ ಮೆತ್ತೆ ತಯಾರಿಸಿಕೊಳ್ಳುತ್ತಾರೆ. ಹಾಗಾಗಿ ವಿದ್ಯುತ್ ವಾದ್ಯ ಎಂದರೆ ಬಳಸಿ ಬಿಸಾಡುವುದು ಎಂದೇನೂ ಇಲ್ಲ. ಹಾಗೆ ಮಾಡಿದ್ದು ಅಗ್ಗದ ಪ್ಲಾಸ್ಟಿಕ್ಕು ಮತ್ತು ಬಿಚ್ಚಲಾಗದ ಸರ್ಕೀಟು.

ನಮ್ಮ ಪೆಟ್ಟಿಗೆಯೂ ಕಣ್ಣಿಗೆ ಕಾಣುವ ಯಂತ್ರವೇ. ಒಂದು ಮನೆ ಮೂಕವಾಯಿತು ಎನ್ನಿ. ಮೇಲಿನ ಹಲಗೆ ತೆಗೆದು, ರೀಡು ಹಲಗೆಯನ್ನು ಬೆಳಕಿಗೆ ಹಿಡಿದರೆ ನಾಲಿಗೆಯ ಸಂದಿಯಲ್ಲಿ ಒಂದು ಈಚಲು ಹುಳುವಿನ ರೆಕ್ಕೆ ಸಿಕ್ಕಿಕೊಂಡಿರುವುದು ಕಾಣುತ್ತದೆ. ತೆಳು ಕಾಗದವನ್ನು ನಾಲಿಗೆಯ ಕೆಳಗೆ ತೂರಿಸಿ ಎಳೆದರೆ ಅದು ಬಂದುಬಿಡುತ್ತದೆ, ಮನೆ ನುಡಿಯುತ್ತದೆ. ಶ್ರುತಿ ಇಳಿದಿದ್ದರೆ ನಾಲಿಗೆಯ ತುದಿಯನ್ನು ತುಸು ಕೆರೆಯಬೇಕು, ಹಗುರಾಗಿ ಶ್ರುತಿ ಏರುತ್ತದೆ. ಏರಿದ್ದರೆ ಬುಡದ ಬಳಿ ಕೆರೆಯಬೇಕು, ಸಡಿಲವಾಗಿ ಇಳಿಯುತ್ತದೆ. ಕಿವಿ ಇದ್ದು ಕೈ ನಡುಗದಿದ್ದರೆ ಸಾಕು. ಇದನ್ನು ಬಲ್ಲ ಮೇಷ್ಟ್ರು ಊರು ಬಿಡದೆಯೇ ತಮ್ಮ ವಾದ್ಯವನ್ನು ಮೂರು ತಲೆಮಾರು ನಡೆಸಬಲ್ಲರು. ಕೀಬೋರ್ಡಿನಲ್ಲಿ ಮನೆಯ ಕೆಳಗಿನ ರಬ್ಬರು ಸವೆದು ದನಿ ಹೋಗುವುದು ಸಾಮಾನ್ಯ ರೋಗ, ಬಿಚ್ಚಿ ಒರೆಸಿದರೆ ಕೆಲವು ಸಲ ಸರಿಹೋಗುತ್ತದೆ. ಒಳಗಿನ ಬೋರ್ಡು ಸುಟ್ಟರೆ ಮೈಸೂರಿಗೆ ಹೊತ್ತುಕೊಂಡು ಹೋಗಬೇಕು, ಹಳೆಯ ಮಾದರಿಯಾದರೆ ಬೋರ್ಡು ಸಿಕ್ಕುವುದೂ ಇಲ್ಲ. ಊರ ಹಣದಲ್ಲಿ ಕೊಂಡ ವಸ್ತು ಕೆಲವೇ ವರ್ಷಗಳಲ್ಲಿ ಅಟ್ಟ ಸೇರುವುದನ್ನು ಲಾಭವೆಂದು ಯಾರೂ ಹೇಳಲಾರರು.

ಇಷ್ಟೆಲ್ಲ ತೂಗಿ ನೋಡಿದ ಮೇಲೆ ನನಗೆ ಸರಿ ಕಾಣುವುದು ಇದು: ನಾಟಕದ ರಾತ್ರಿ ಕೀಬೋರ್ಡು ಬರಲಿ, ಅದಕ್ಕೆ ಅಡ್ಡಿ ಹೇಳುವುದರಲ್ಲಿ ಅರ್ಥವಿಲ್ಲ. ಪರವೂರಿನ ಕಲಾವಿದೆಯರ ದನಿಗೆ ಅದು ಒಗ್ಗುತ್ತದೆ, ಯುದ್ಧದ ದೃಶ್ಯಕ್ಕೆ ಹುಡುಗರು ಬಯಸುವ ಅಬ್ಬರವನ್ನೂ ಕೊಡುತ್ತದೆ. ಗುಬ್ಬಿ ವೀರಣ್ಣನವರು 1934ರ ‘ಕುರುಕ್ಷೇತ್ರ’ದಲ್ಲಿ ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನೇ ತಂದವರು. ಜನರನ್ನು ಬೆರಗುಗೊಳಿಸುವುದಕ್ಕೆ ಕಂಪನಿ ನಾಟಕ ಎಂದೂ ನಾಚಿದ್ದಿಲ್ಲ. ರಿದಂ ಗುಂಡಿಯನ್ನು ಮಾತ್ರ ಮುಟ್ಟದೆ ತಾಳವನ್ನು ತಬಲದವನಿಗೆ ಬಿಡಬೇಕು, ಕಾಲಿಗೊಂದು ವಾಲ್ಯೂಮ್ ಪೆಡಲ್ ಜೋಡಿಸಲು ಆಗುವ ಮಾದರಿಯನ್ನೇ ಬಾಡಿಗೆಗೆ ಹಿಡಿಯಬೇಕು. ತಾಲೀಮು ಪೂರ್ತಿ ಪೆಟ್ಟಿಗೆಯ ಮುಂದೆ ನಡೆಯಲಿ. ರಾಜ್‌ಕುಮಾರ್ ಮಾತನ್ನು ಇಲ್ಲಿಗೆಂದೇ ಇಟ್ಟುಕೊಂಡಿದ್ದೆ. ಕಲಿಯುವಾಗ ನಮ್ಮ ಹಿಂದೆ ಬರುವ ವಾದ್ಯ ಬೇಕು. ಕಲಿತವನು ಯಾವುದರ ಜೊತೆಗೂ ಹಾಡಬಲ್ಲ.

ಇದಕ್ಕೆ ಹುಡುಗರು ಕೊಡುವ ಉತ್ತರವೂ ನನಗೆ ಗೊತ್ತು. ಪೆಟ್ಟಿಗೆ ಮೇಷ್ಟ್ರು ಎಲ್ಲಿದ್ದಾರೆ, ತಾಲೀಮಿಗೆ ತಿಂಗಳುಗಟ್ಟಲೆ ಬಂದು ಕೂರುವವರು ಯಾರು ಎಂದು ಕೇಳುತ್ತಾರೆ. ನಿಜ, ಇದ್ದವರಿಗೆ ವಯಸ್ಸಾಗಿದೆ, ಒಬ್ಬೊಬ್ಬರೂ ಹತ್ತೂರಿನ ನಾಟಕ ಕೈಯಲ್ಲಿ ಹಿಡಿದಿದ್ದಾರೆ. ಆದರೆ ಅದೇ ಊರಿನಲ್ಲಿ ಮೊಬೈಲು ನೋಡಿಕೊಂಡು ಸಿನಿಮಾ ಹಾಡನ್ನು ಕೀಬೋರ್ಡಿನಲ್ಲಿ ತಾನೇ ಕಲಿತ ಒಬ್ಬ ಹುಡುಗ ಇದ್ದೇ ಇರುತ್ತಾನೆ. ಮನೆಗಳ ಜೋಡಣೆ ಎರಡರಲ್ಲೂ ಒಂದೇ, ಬಲಗೈ ಅವನಿಗೆ ಆಗಲೇ ಬರುತ್ತದೆ. ಕಲಿಯಬೇಕಾದದ್ದು ತಿದಿ ತುಳಿಯುವುದು, ಹಾಡುವವನ ತುಟಿ ನೋಡುವುದು, ಎಲ್ಲಾ ಮನೆಗಳಿಂದಲೂ ರಾಗ ಹಿಡಿಯುವುದು. ನಾಟಕ ಸಮಿತಿಗಳು ಸೀನರಿಗೆ, ಸೀರಿಯಲ್ ಸೆಟ್ಟಿಗೆ, ಫ್ಲೆಕ್ಸಿಗೆ ಎತ್ತುವ ಹಣದಲ್ಲಿ ಒಂದು ಪಾಲನ್ನು ತೆಗೆದಿಟ್ಟು, ದೇವಸ್ಥಾನದ ಮೂಲೆಯಲ್ಲಿ ದೂಳು ತಿನ್ನುತ್ತಿರುವ ಪೆಟ್ಟಿಗೆಗೆ ಹೊಸ ತಿದಿ ಹಾಕಿಸಿ, ಆ ಹುಡುಗನನ್ನು ಒಂದು ನಾಟಕ ಪೂರ್ತಿ ಮೇಷ್ಟ್ರ ಪಕ್ಕ ಕೂರಿಸಬೇಕು. ಅವನಿಗೂ ಸಂಭಾವನೆ ಕೊಡಬೇಕು, ಬಿಟ್ಟಿ ದುಡಿಸಿಕೊಂಡರೆ ಮುಂದಿನ ವರ್ಷ ಅವನು ಕೆಲಸ ಹುಡುಕಿಕೊಂಡು ತಿರುಪ್ಪೂರಿಗೋ ಬೆಂಗಳೂರಿಗೋ ಹೊರಟುಬಿಡುತ್ತಾನೆ.